ಯುಎಸ್‌ಬಿ ಡ್ರೈವ್‌ನಿಂದಲೇ ಲಿನಕ್ಸ್, ಯುಎಸ್‌ಬಿ ಡ್ರೈವ್‌ಗೇ ಬ್ಯಾಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಡೆಬಿಯನ್, ಉಬುಂಟು, ಮಿಂಟ್ ಎಂಬ ಲಿನಕ್ಸ್ ಡಿಸ್ಟ್ರೋಗಳ (ಬೇರೆ ಬೇರೆಯವರು ಸಿದ್ಧಪಡಿಸಿ ಕೊಡುವ ಲಿನಕ್ಸ್ ರೂಪಗಳ) ಕುಟುಂಬದವು. ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.

ಲೈವ್ ಯುಎಸ್‌ಬಿ, ಪರ್ಸಿಸ್ಟೆನ್ಸ್, ಪೂರ್ತಿ ಇನ್‌ಸ್ಟಾಲ್: ಮೂರಕ್ಕೂ ಏನು ವ್ಯತ್ಯಾಸ?

ಲೈವ್ ಯುಎಸ್‌ಬಿಯಲ್ಲಿ ಇಡೀ ಸಿಸ್ಟಮ್ ಒಂದು ಒತ್ತಿಟ್ಟ, ಬದಲಾಗದ ಫೈಲ್‌ನಲ್ಲಿರುತ್ತದೆ. ನೀವು ಮಾಡಿದ್ದೆಲ್ಲ ರ‍್ಯಾಮ್‌ನಲ್ಲಿ. ಶಟ್‌ಡೌನ್ ಮಾಡಿದರೆ ಎಲ್ಲ ಹೋಯಿತು. ಕೆಟ್ಟ ಲ್ಯಾಪ್‌ಟಾಪ್‌ನಿಂದ ಫೈಲ್ ಎತ್ತಲು, ಹಾರ್ಡ್‌ವೇರ್ ಪರೀಕ್ಷಿಸಲು ಇಷ್ಟು ಸಾಕು.

ಪರ್ಸಿಸ್ಟೆನ್ಸ್ ಇದ್ದರೆ ಬದಲಾದ ಭಾಗ ಮಾತ್ರ ಬೇರೊಂದು ಪಾರ್ಟಿಶನ್‌ನಲ್ಲೋ ಫೈಲ್‌ನಲ್ಲೋ ಉಳಿಯುತ್ತದೆ. ಆದರೆ ಮೂಲ ಫೈಲ್ ಹಾಗೇ ಇರುವುದರಿಂದ ಪ್ರತಿ ಅಪ್‌ಡೇಟೂ ಮೇಲಿನ ಪದರದಲ್ಲಿ ಜಾಗ ತಿನ್ನುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಹೊಸ ಕರ್ನಲ್ (ಸಿಸ್ಟಮ್‌ನ ತಿರುಳು) ಹಾಕಿಕೊಂಡರೂ ಬೂಟ್ ಆಗುವುದು ಐಎಸ್‌ಒದಲ್ಲಿದ್ದ (ಡೌನ್‌ಲೋಡ್ ಮಾಡಿಕೊಂಡ ಇನ್‌ಸ್ಟಾಲ್ ಫೈಲ್‌ನಲ್ಲಿದ್ದ) ಹಳೆಯ ಕರ್ನಲ್ಲೇ. 4 ಜಿಬಿ ಪರ್ಸಿಸ್ಟೆನ್ಸ್ ಕೊಟ್ಟು ಒಮ್ಮೆ ಪೂರ್ತಿ ಅಪ್‌ಗ್ರೇಡ್ ಮಾಡಿದರೆ ಜಾಗ ತುಂಬಿ, ಮುಂದಿನ ಬೂಟ್‌ನಲ್ಲಿ ಲಾಗಿನ್ ಪರದೆಯನ್ನೇ ದಾಟದಿರಬಹುದು. ವೈಫೈ ಪಾಸ್‌ವರ್ಡ್, ಕೀಬೋರ್ಡ್ ಸೆಟ್ಟಿಂಗ್, ನಾಲ್ಕಾರು ಪ್ಯಾಕೇಜ್ ಉಳಿಸಿಕೊಳ್ಳಲು ಪರ್ಸಿಸ್ಟೆನ್ಸ್ ಸರಿ, ದಿನದ ಕೆಲಸಕ್ಕಲ್ಲ.

ದಿನವೂ ಬಳಸುವವರು ಒಳಗಿನ ಡಿಸ್ಕಿಗೆ ಹಾಕುವಂತೆಯೇ ಹೊರಗಿನ ಎಸ್‌ಎಸ್‌ಡಿಗೆ ಪೂರ್ತಿ ಇನ್‌ಸ್ಟಾಲ್ ಮಾಡಿಕೊಳ್ಳಿ.

32 ಜಿಬಿ ಪೆನ್‌ಡ್ರೈವ್ ಇದೆ. ಅದಕ್ಕೇ ಪೂರ್ತಿ ಇನ್‌ಸ್ಟಾಲ್ ಮಾಡಬಹುದೇ?

ಮಾಡಬಹುದು, ಆದರೆ ತಾಳ್ಮೆ ಬೇಕು. ಪೆನ್‌ಡ್ರೈವ್‌ನ ಡಬ್ಬಿಯ ಮೇಲಿರುವ ವೇಗ ದೊಡ್ಡ ಫೈಲ್ ಒಂದನ್ನು ಸರಾಗವಾಗಿ ಓದುವಾಗಿನದು. ಸಿಸ್ಟಮ್ ಮಾಡುವುದು ಚಿಕ್ಕಚಿಕ್ಕ ತುಣುಕುಗಳನ್ನು ಅಲ್ಲಲ್ಲಿ ಬರೆಯುವ ಕೆಲಸ. ಅಗ್ಗದ ಕಂಟ್ರೋಲರ್ ಅಲ್ಲಿ ಮುಗ್ಗರಿಸುತ್ತದೆ: ಬ್ರೌಸರ್‌ನಲ್ಲಿ ಪುಟ ತೆರೆದರೆ ಮೌಸ್ ಕೂಡ ನಿಂತು ನಿಂತು ಓಡುತ್ತದೆ. 120 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ, ಜೊತೆಗೊಂದು ಯುಎಸ್‌ಬಿ 3 ಕೇಸ್ ಇದ್ದರೆ ಅದೇ ಸಿಸ್ಟಮ್ ಒಳಗಿನ ಡಿಸ್ಕಿನಷ್ಟೇ ಚುರುಕು. ಹಳೆಯ ಲ್ಯಾಪ್‌ಟಾಪ್‌ನಿಂದ ಬಿಚ್ಚಿಟ್ಟ ಎಸ್‌ಎಸ್‌ಡಿ ಇದ್ದರೆ ಕೇಸ್ ಒಂದನ್ನೇ ಕೊಂಡರಾಯಿತು.

ಪೆನ್‌ಡ್ರೈವೇ ಗತಿ ಎನ್ನುವವರಿಗೆ: ಮೌಂಟ್ (ಡ್ರೈವನ್ನು ಸಿಸ್ಟಮ್‌ಗೆ ಸೇರಿಸಿಕೊಳ್ಳುವ) ಆಯ್ಕೆಯಲ್ಲಿ ನೋಎಟೈಮ್ ಹಾಕಿ (ಫೈಲ್ ಓದಿದಾಗಲೆಲ್ಲ ಸಮಯ ಬರೆಯದಿರಲು), ಸ್ವಾಪ್ ಪಾರ್ಟಿಶನ್ ಬಿಟ್ಟು ಮೆಮೊರಿಯಲ್ಲೇ ಒತ್ತಿಡುವ ಝಡ್‌ರ‍್ಯಾಮ್ ಬಳಸಿ, ಸಿಸ್ಟಮ್ ಲಾಗ್ ಬರೆಯುವ ಜರ್ನಲ್‌ಡಿಯ ಸ್ಟೋರೇಜ್ ಮೌಲ್ಯವನ್ನು ವೊಲಟೈಲ್ ಮಾಡಿ, ಬ್ರೌಸರ್ ಕ್ಯಾಶನ್ನು ರ‍್ಯಾಮ್‌ಗೆ ತಿರುಗಿಸಿ. ಬರೆಯುವುದು ಕಡಿಮೆಯಾದಷ್ಟೂ ವೇಗ, ಆಯುಷ್ಯ ಎರಡೂ ಹೆಚ್ಚುತ್ತವೆ.

ಆನ್‌ಲೈನ್‌ನಲ್ಲಿ 2 ಟಿಬಿ ಪೆನ್‌ಡ್ರೈವ್ ಕೆಲವೇ ನೂರು ರೂಪಾಯಿಗೆ ಸಿಗುತ್ತಿದೆ. ಕೊಳ್ಳಬಹುದೇ?

ಬೇಡ. ಒಳಗಿರುವುದು 32 ಅಥವಾ 64 ಜಿಬಿ ಚಿಪ್, ಕಂಟ್ರೋಲರ್ ಮಾತ್ರ 2 ಟಿಬಿ ಎಂದು ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಯಶಸ್ವಿ ಎಂದೇ ತೋರುತ್ತದೆ. ಫೈಲ್ ಹೆಸರು, ಗಾತ್ರ ಎಲ್ಲ ಸರಿ ಇರುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಹೊಸ ಡ್ರೈವ್ ಯಾವುದೇ ಇರಲಿ, ಮೊದಲು ಎಫ್3 ಪ್ಯಾಕೇಜಿನ ಎಫ್3ರೈಟ್, ಆಮೇಲೆ ಎಫ್3ರೀಡ್ ಓಡಿಸಿ, ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯೂ. ಡ್ರೈವ್ ತುಂಬ ಬರೆದು ವಾಪಸ್ ಓದುವುದರಿಂದ ಗಂಟೆಗಟ್ಟಲೆ ಹಿಡಿಯಬಹುದು. ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಆಗಬೇಕು.

ಯಾವ ಡಿಸ್ಟ್ರೋ ಒಳ್ಳೆಯದು?

ಕೆಲಸ ನೋಡಿಕೊಂಡು. ಹೊರ ಎಸ್‌ಎಸ್‌ಡಿಗೆ ಡೆಬಿಯನ್ ಅಥವಾ ಮಿಂಟ್. ಪೆನ್‌ಡ್ರೈವ್‌ನಿಂದಲೇ ಓಡಿಸಿ, ಮಾಡಿದ ಬದಲಾವಣೆ ಉಳಿಸಿಕೊಳ್ಳಬೇಕೆಂದರೆ ಎಂಎಕ್ಸ್ ಲಿನಕ್ಸ್, ಆಂಟಿಎಕ್ಸ್; ಇವುಗಳ ಪರ್ಸಿಸ್ಟೆನ್ಸ್ ವ್ಯವಸ್ಥೆ ಉಳಿದವಕ್ಕಿಂತ ಪಕ್ವ, ಮೇಲಿನ ಪದರ ತುಂಬಿದಾಗ ರೀಮಾಸ್ಟರ್ ಮಾಡಿ ಮೂಲ ಫೈಲ್‌ಗೇ ಸೇರಿಸಿಬಿಡಬಹುದು. 2003ರಲ್ಲಿ ಶುರುವಾದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮ್‌ಗೆ ಏರಿ ಕೂರುತ್ತದೆ, ಹಳೆಯ ಯಂತ್ರಗಳಿಗೆ ಈಗಲೂ ಚೆನ್ನ. ಗುರುತು ಉಳಿಯಬಾರದ ಕೆಲಸಕ್ಕೆ ಟೇಲ್ಸ್, ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು. ರಿಪೇರಿಗೆ ಸಿಸ್ಟಮ್‌ರೆಸ್ಕ್ಯೂ, ಜಿಪಾರ್ಟೆಡ್ ಲೈವ್, ಕ್ಲೋನ್‌ಜಿಲ್ಲಾ.

32 ಬಿಟ್ ಯಂತ್ರ ಇರುವವರು ಗಮನಿಸಿ: 2025ರ ಡೆಬಿಯನ್ 13ಕ್ಕೆ 32 ಬಿಟ್ ಪಿಸಿ ಇನ್‌ಸ್ಟಾಲರ್ ಇಲ್ಲ, 12ರವರೆಗೆ ಮಾತ್ರ ಇತ್ತು.

ಐಎಸ್‌ಒ ಬರೆಯುವಾಗ ತಪ್ಪು ಡಿಸ್ಕ್ ಅಳಿಸಿಹೋಗದಂತೆ ಏನು ಮಾಡಬೇಕು?

ಐಎಸ್‌ಒ ಬರೆಯುವ ಡಿಡಿ ಕಮಾಂಡ್ ಏನನ್ನೂ ಕೇಳುವುದಿಲ್ಲ, ಹೇಳಿದ ಕಡೆ ಬರೆದುಬಿಡುತ್ತದೆ. ಡ್ರೈವ್ ಚುಚ್ಚುವ ಮೊದಲು ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ. ಹೊಸದಾಗಿ ಕಂಡ ಸಾಲೇ ನಿಮ್ಮದು. ಗಾತ್ರ ನೋಡಿ ಗಾಬರಿಯಾಗಬೇಡಿ: 1 ಟಿಬಿ ಡಿಸ್ಕ್ 931.5 ಎಂದೂ, 500 ಜಿಬಿಯದು 465.8 ಎಂದೂ ಕಾಣುವುದು ಸಹಜ, ಅಲ್ಲಿ ಎಣಿಕೆ 1024ರ ಲೆಕ್ಕದಲ್ಲಿರುತ್ತದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ, ಇವತ್ತಿನ ಎಸ್‌ಡಿಬಿ ನಾಳೆ ಎಸ್‌ಡಿಸಿ ಆಗಬಹುದು. ಬರೆಯಬೇಕಾದದ್ದು ಇಡೀ ಡಿಸ್ಕಿಗೆ, ಎಸ್‌ಡಿಬಿ1 ಎಂಬ ಪಾರ್ಟಿಶನ್‌ಗಲ್ಲ. ಪಾರ್ಟಿಶನ್‌ಗೆ ಬರೆದರೆ ತಪ್ಪೇನೂ ತೋರುವುದಿಲ್ಲ, ಬೂಟ್ ಮಾತ್ರ ಆಗುವುದಿಲ್ಲ.

ಟರ್ಮಿನಲ್ ಅಭ್ಯಾಸವಿಲ್ಲದವರಿಗೆ ಬಲೀನಾ ಎಚರ್ ಅಥವಾ ಮಿಂಟ್‌ನ ಯುಎಸ್‌ಬಿ ಇಮೇಜ್ ರೈಟರ್ ಸುರಕ್ಷಿತ, ವಿಂಡೋಸ್‌ನಲ್ಲಿ ರೂಫಸ್. ಬರೆಯುವ ಮೊದಲು ಐಎಸ್‌ಒದ ಶಾ256 ಮೊತ್ತವನ್ನು (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಡೌನ್‌ಲೋಡ್ ಪುಟದಲ್ಲಿರುವುದರ ಜೊತೆ ತಾಳೆ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್‌ನಿಂದ ಇನ್‌ಸ್ಟಾಲ್ ಶುರುವಾಗಿ, ಮುಕ್ಕಾಲು ಭಾಗ ಆದ ಮೇಲೆ ವಿಚಿತ್ರ ದೋಷ ತೋರಿಸಿ ನಿಲ್ಲುವುದು ಬಹಳ ಸಾಮಾನ್ಯ.

ವೆಂಟಾಯ್ ಇದ್ದರೆ ಇದೆಲ್ಲ ಬೇಕಿಲ್ಲವಂತೆ?

ಹೌದು. ಒಮ್ಮೆ ಹಾಕಿಕೊಂಡರೆ ಐಎಸ್‌ಒಗಳನ್ನು ಸಾಮಾನ್ಯ ಫೈಲ್‌ನಂತೆ ಕಾಪಿ ಮಾಡಿದರೆ ಸಾಕು, ಬೂಟ್ ಆದಾಗ ಪಟ್ಟಿ ತೋರಿಸುತ್ತದೆ. ಸೆಕ್ಯೂರ್ ಬೂಟ್ (ಸಹಿ ಹಾಕಿದ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಮೊದಲ ಸಲ ನೀಲಿ ಪರದೆ ಬಂದು ಕೀ ನೋಂದಾಯಿಸಲು ಕೇಳುತ್ತದೆ. ಗಡಿಬಿಡಿಯಲ್ಲಿ ಕಂಟಿನ್ಯೂ ಒತ್ತದೆ ಎನ್‌ರೋಲ್ ಕೀ ಆರಿಸಬೇಕು. ಮೂಲ ಕೋಡ್‌ನಲ್ಲೇ ಸಿದ್ಧ ಬೈನರಿಗಳು (ಒಳಗೇನಿದೆ ಎಂದು ಸುಲಭವಾಗಿ ಓದಿ ನೋಡಲಾಗದ ಫೈಲ್‌ಗಳು) ಸೇರಿವೆ ಎಂಬ ಆಕ್ಷೇಪ ವೆಂಟಾಯ್ ಮೇಲಿದೆ, ಆಕ್ಷೇಪ ನ್ಯಾಯವೇ. ರಿಪೇರಿ ಡ್ರೈವ್‌ಗೆ ಧಾರಾಳವಾಗಿ ಬಳಸಿ, ಬ್ಯಾಂಕ್ ಕೆಲಸದ ಸಿಸ್ಟಮ್ಮಿಗೆ ಬೇಡ.

ಹೊರ ಎಸ್‌ಎಸ್‌ಡಿಗೆ ಪೂರ್ತಿ ಇನ್‌ಸ್ಟಾಲ್ ಮಾಡುವ ಸರಿಯಾದ ಕ್ರಮ ಯಾವುದು?

ಎಲ್ಲಕ್ಕಿಂತ ಮೊದಲು ಒಳಗಿನ ಡಿಸ್ಕನ್ನು ಇನ್‌ಸ್ಟಾಲರ್ ಕಣ್ಣಿನಿಂದ ಮರೆ ಮಾಡಿ. ಯಾಕೆಂದರೆ ಬೂಟ್‌ಲೋಡರ್ (ಸಿಸ್ಟಮ್ ಶುರುಮಾಡುವ ಚಿಕ್ಕ ಪ್ರೋಗ್ರಾಂ, ಇಲ್ಲಿ ಗ್ರಬ್) ಎಲ್ಲಿಗೆ ಎಂದು ಕೇಳಿದಾಗ ನೀವು ಹೊರ ಡ್ರೈವ್ ಆರಿಸಿದರೂ ಉಬುಂಟು, ಮಿಂಟ್‌ಗಳ ಹಳೆಯ ಇನ್‌ಸ್ಟಾಲರ್ ಮೊದಲು ಕಂಡ ಇಎಫ್‌ಐ ಪಾರ್ಟಿಶನ್‌ಗೆ (ಬೂಟ್‌ಲೋಡರ್‌ಗಳನ್ನು ಇಡುವ ಜಾಗ), ಎಂದರೆ ಒಳಗಿನ ವಿಂಡೋಸ್ ಡಿಸ್ಕಿಗೆ, ಹಾಕಿಬಿಡುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಒಳಗಿನ ಡಿಸ್ಕಿನ ಕೇಬಲ್ ಕಳಚಬಹುದು ಅಥವಾ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಆ ಪೋರ್ಟ್ ಮುಚ್ಚಬಹುದು. ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಲಾಗದಿದ್ದರೆ, ಲೈವ್ ಸಿಸ್ಟಮ್‌ನ ಜಿಪಾರ್ಟೆಡ್‌ನಲ್ಲಿ ಒಳಗಿನ ಇಎಫ್‌ಐ ಪಾರ್ಟಿಶನ್‌ನ ಬೂಟ್, ಇಎಸ್‌ಪಿ ಗುರುತುಗಳನ್ನು ತೆಗೆದು, ಇನ್‌ಸ್ಟಾಲ್ ಮುಗಿದ ಮೇಲೆ ಮರೆಯದೆ ವಾಪಸ್ ಹಾಕಿ.

ಆಮೇಲೆ ಪಾರ್ಟಿಶನ್. 500 ಜಿಬಿ ಎಸ್‌ಎಸ್‌ಡಿಗೆ ಜಿಪಿಟಿ ಬಗೆಯ ಪಾರ್ಟಿಶನ್ ಪಟ್ಟಿ ಮಾಡಿ ಹೀಗೆ ಹಂಚಬಹುದು:

1. ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳಲು 300 ಜಿಬಿ ಎಕ್ಸ್‌ಫ್ಯಾಟ್. ಇದು ಮೊದಲಿರಲಿ, ತೆಗೆದುಹಾಕುವ ಬಗೆಯ ಡ್ರೈವ್‌ನಲ್ಲಿ ಹಳೆಯ ವಿಂಡೋಸ್‌ಗಳಿಗೆ ಮೊದಲ ಪಾರ್ಟಿಶನ್ ಬಿಟ್ಟು ಬೇರೆ ಕಾಣುವುದಿಲ್ಲ.
2. 1 ಎಂಬಿ, ಬಯಾಸ್ ಗ್ರಬ್ ಗುರುತಿನೊಂದಿಗೆ. ಯುಇಎಫ್‌ಐ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ವ್ಯವಸ್ಥೆ) ಇಲ್ಲದ ಹಳೆಯ ಯಂತ್ರದಲ್ಲೂ ಬೂಟ್ ಆಗಬೇಕಿದ್ದರೆ ಮಾತ್ರ.
3. 512 ಎಂಬಿ ಫ್ಯಾಟ್32, ಇಎಸ್‌ಪಿ ಗುರುತಿನೊಂದಿಗೆ.
4. 1 ಜಿಬಿ ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಮ್), ಬೂಟ್‌ಗೆ.
5. ಉಳಿದದ್ದು ಲಕ್ಸ್ ಎನ್‌ಕ್ರಿಪ್ಶನ್, ಅದರೊಳಗೆ ಎಕ್ಸ್‌ಟಿ4 ರೂಟ್.

ಇನ್‌ಸ್ಟಾಲ್ ಆದ ಮೇಲೆ ಒಂದು ಹೆಜ್ಜೆ ಬಾಕಿ, ಬಹಳ ಮಂದಿ ಬಿಡುವುದೂ ಇದನ್ನೇ. ಯುಇಎಫ್‌ಐ ಯಂತ್ರಗಳು ಬೂಟ್ ನಮೂದನ್ನು ಮದರ್‌ಬೋರ್ಡ್‌ನ ನೆನಪಿನಲ್ಲಿ (ಎನ್‌ವಿರ‍್ಯಾಮ್) ಬರೆದಿಟ್ಟುಕೊಳ್ಳುತ್ತವೆ. ನಿಮ್ಮ ಡ್ರೈವನ್ನು ಬೇರೆ ಯಂತ್ರಕ್ಕೆ ಚುಚ್ಚಿದರೆ ಅದಕ್ಕೆ ಆ ನಮೂದು ಗೊತ್ತಿಲ್ಲ. ಇಎಫ್‌ಐ ಫೋಲ್ಡರ್‌ನೊಳಗಿನ ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64 ಡಾಟ್ ಇಎಫ್‌ಐ ಎಂಬ ಫೈಲ್ ಇದೆಯೇ ಎಂದಷ್ಟೇ ಹುಡುಕುತ್ತದೆ. ಡೆಬಿಯನ್‌ನಲ್ಲಿ ಗ್ರಬ್-ಇಎಫ್‌ಐ-ಎಎಂಡಿ64 ಪ್ಯಾಕೇಜನ್ನು ಡಿಪಿಕೆಜಿ-ರೀಕಾನ್ಫಿಗರ್ ಮಾಡಿ. ಬರುವ ಪ್ರಶ್ನೆಗಳಲ್ಲಿ, ರಿಮೂವಬಲ್ ಮೀಡಿಯಾ ಪಾತ್‌ಗೂ ಹಾಕಲೇ ಎಂಬುದಕ್ಕೆ ಹೌದು, ಎನ್‌ವಿರ‍್ಯಾಮ್ ಬದಲಿಸಲೇ ಎಂಬುದಕ್ಕೆ ಇಲ್ಲ. ಮುಂದೆ ಗ್ರಬ್ ಅಪ್‌ಡೇಟ್ ಆದಾಗಲೂ ಇದು ನೆನಪಿರುತ್ತದೆ. ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಚಾಲೂ ಇದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಯಾರದೋ ಮನೆಯ ವಿಂಡೋಸ್ ನಿಮ್ಮ ಬೂಟ್ ಮೆನುವಿನಲ್ಲಿ ಬಂದು ಕೂರುತ್ತದೆ.

ಡ್ರೈವ್ ತೆಗೆದರೆ ನನ್ನ ವಿಂಡೋಸ್ ಬೂಟ್ ಆಗುತ್ತಿಲ್ಲ, ಕಪ್ಪು ಪರದೆಯಲ್ಲಿ ಗ್ರಬ್ ಎಂದು ಬರುತ್ತಿದೆ.

ಬೂಟ್‌ಲೋಡರ್ ಒಳಗಿನ ಡಿಸ್ಕಿಗೇ ಹೋಗಿದೆ. ವಿಂಡೋಸ್‌ಗೆ ಏನೂ ಆಗಿಲ್ಲ: ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ಆಮೇಲೆ ಬಯಾಸ್‌ನಲ್ಲಿ ಅದನ್ನೇ ಮೊದಲು ಮಾಡಿ. ನಂತರ ಹೊರ ಡ್ರೈವ್ ಚುಚ್ಚಿ ಲಿನಕ್ಸ್‌ಗೆ ಹೋಗಿ, ಹೊರ ಡ್ರೈವ್‌ನದೇ ಇಎಫ್‌ಐ ಪಾರ್ಟಿಶನ್ನಿನ ಯುಯುಐಡಿಯನ್ನು (ಗುರುತಿನ ಸಂಖ್ಯೆ) ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಪಟ್ಟಿಯ ಫೈಲ್) ಹಾಕಿ, ಅದನ್ನು ಮೌಂಟ್ ಮಾಡಿ, ಗ್ರಬ್ ಮತ್ತೊಮ್ಮೆ ಹಾಕಿ ಮೇಲಿನ ರೀಕಾನ್ಫಿಗರ್ ಹೆಜ್ಜೆ ಮುಗಿಸಿ.

ಬೂಟ್ ಮೆನುವಿನಲ್ಲಿ ಡ್ರೈವ್ ಕಾಣುವುದೇ ಇಲ್ಲ.

ಬೂಟ್ ಮೆನು ತೆರೆಯುವ ಕೀ ಸರಿಯೇ ನೋಡಿ: ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಏಸಸ್ ಮದರ್‌ಬೋರ್ಡ್‌ನಲ್ಲಿ ಎಫ್8. ಕೆಲವು ಏಸರ್‌ಗಳಲ್ಲಿ ಎಫ್12 ಮೆನುವನ್ನೇ ಬಯಾಸ್‌ನಲ್ಲಿ ಚಾಲೂ ಮಾಡಬೇಕು. ಕೀಗೆ ಜಗ್ಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಯೂಸ್ ಎ ಡಿವೈಸ್ ಆರಿಸಿ. ಹಬ್ ಬಿಟ್ಟು ನೇರ ಪೋರ್ಟಿಗೆ ಚುಚ್ಚಿ ನೋಡಿ. ಹೊಸ ಥಿಂಕ್‌ಪ್ಯಾಡ್‌ಗಳಂಥ ಕೆಲವು ಯಂತ್ರಗಳಲ್ಲಿ ಮೈಕ್ರೋಸಾಫ್ಟ್‌ನ ಮೂರನೆಯವರ ಯುಇಎಫ್‌ಐ ಪ್ರಮಾಣಪತ್ರಕ್ಕೆ ಅನುಮತಿ ಎಂಬ ಬೇರೆಯೇ ಸ್ವಿಚ್ ಇದೆ, ಅದು ಆಫ್ ಇದ್ದರೆ ಸಹಿ ಹಾಕಿದ ಉಬುಂಟು ಕೂಡ ಬೂಟ್ ಆಗದು.

ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಒಂದು ಮಾತು: ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಚಾಲೂ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್ ಚಾಲೂ ಇರುತ್ತದೆ. ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆದೇ ಮುಂದುವರಿಯಿರಿ. ಕಚೇರಿಯ, ಕಾಲೇಜಿನ ಯಂತ್ರವಾದರೆ ಕೇಳಿಯೇ ಮಾಡಿ.

ಟಿ2 ಎಂಬ ಆಪಲ್‌ನ ಭದ್ರತಾ ಚಿಪ್ ಇರುವ ಇಂಟೆಲ್ ಮ್ಯಾಕ್‌ನಲ್ಲಿ ರಿಕವರಿಗೆ ಹೋಗಿ ಹೊರ ಡ್ರೈವ್‌ನಿಂದ ಬೂಟ್ ಮಾಡಲು ಅನುಮತಿ ಕೊಡಬೇಕು. ಎಂ1 ಮತ್ತು ನಂತರದ ಮ್ಯಾಕ್‌ಗಳಲ್ಲಿ ಈ ಡ್ರೈವ್‌ಗಳು ಬೂಟ್ ಆಗುವುದಿಲ್ಲ.

ನನ್ನ ಯಂತ್ರದಲ್ಲಿ ಸರಿ, ಸ್ನೇಹಿತರ ಯಂತ್ರದಲ್ಲಿ ಕಪ್ಪು ಪರದೆ. ಯಾಕೆ?

ಬಹುತೇಕ ಗ್ರಾಫಿಕ್ಸ್. ಎನ್‌ವಿಡಿಯಾದ ಸ್ವಂತ ಡ್ರೈವರನ್ನು ಓಡಾಡುವ ಸಿಸ್ಟಮ್‌ಗೆ ಹಾಕಲೇಬೇಡಿ; ಕರ್ನಲ್‌ನ ಜೊತೆ ಬರುವ ಡ್ರೈವರ್‌ಗಳು ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರಕ್ಕೂ ಹೊಂದಿಕೊಳ್ಳುತ್ತವೆ. ಆ ಹೊತ್ತಿಗೆ ದಾಟಲು ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ ಎಫ್10 ಒತ್ತಿ.

ಬೂಟ್ ನಡುವೆ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಪ್ರಾಂಪ್ಟ್‌ಗೆ ಬಂದು ನಿಂತರೆ ಬೇರೆ ಕಥೆ. ಡೆಬಿಯನ್ ಎಲ್ಲ ಸಾಮಾನ್ಯ ಡ್ರೈವರ್‌ಗಳನ್ನೂ ಆ ಹೆಸರಿನ ಚಿಕ್ಕ ಬೂಟ್ ಚಿತ್ರಕ್ಕೆ (ಡಿಸ್ಕ್ ತೆರೆಯುವ ಮೊದಲು ಓಡುವ ಪುಟ್ಟ ಸಿಸ್ಟಮ್) ತುಂಬುತ್ತದೆ, ಮಾಡ್ಯೂಲ್ಸ್ ಮೌಲ್ಯ ಮೋಸ್ಟ್ ಎಂದಿದ್ದರೆ. ಫೆಡೋರಾ, ಆರ್ಚ್‌ಗಳು ಇನ್‌ಸ್ಟಾಲ್ ಮಾಡಿದ ಯಂತ್ರಕ್ಕೆ ಬೇಕಾದಷ್ಟನ್ನೇ ಇಡುತ್ತವೆ. ಫೆಡೋರಾದಲ್ಲಿ ಡ್ರಾಕಟ್‌ಗೆ ಹೋಸ್ಟ್‌ಓನ್ಲಿ ಬೇಡ ಎನ್ನಿ, ಆರ್ಚ್‌ನಲ್ಲಿ ಆಟೋಡಿಟೆಕ್ಟ್ ಹುಕ್ ತೆಗೆಯಿರಿ.

ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ.

ಲಿನಕ್ಸ್ ಮದರ್‌ಬೋರ್ಡ್ ಗಡಿಯಾರವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ತಿಳಿಯುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು. ನಡುವಿನ ಅಂತರವೇ ಭಾರತದ 5:30. ಟೈಮ್‌ಡೇಟ್‌ಸಿಟಿಎಲ್‌ನ ಸೆಟ್-ಲೋಕಲ್-ಆರ್‌ಟಿಸಿ 1 ಎಂದರೆ ನಿಮ್ಮ ಡ್ರೈವ್ ಬೇರೆಯವರ ಗಡಿಯಾರ ಕೆಡಿಸುವುದಿಲ್ಲ.

ವಿಂಡೋಸ್‌ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ.

ಫಾಸ್ಟ್ ಸ್ಟಾರ್ಟಪ್. ವಿಂಡೋಸ್ ಪೂರ್ತಿ ಆಫ್ ಆಗಿಲ್ಲ, ಅರ್ಧ ನಿದ್ದೆಯಲ್ಲಿದೆ. ಶಿಫ್ಟ್ ಹಿಡಿದು ಶಟ್‌ಡೌನ್ ಮಾಡಿ. ಒತ್ತಾಯದಿಂದ ಬರೆಯಲು ಹೋದರೆ ಅಲ್ಲಿನ ಫೈಲ್‌ಗಳು ಕೆಡುತ್ತವೆ.

ಚೆನ್ನಾಗಿ ಓಡುತ್ತಿದ್ದ ಡ್ರೈವ್ ನಡುವೆ ಹೆಪ್ಪುಗಟ್ಟಿ, ಇಡೀ ಸಿಸ್ಟಮ್ ರೀಡ್-ಓನ್ಲಿ ಆಗಿಬಿಡುತ್ತದೆ.

ಎಸ್‌ಎಸ್‌ಡಿಯನ್ನು ದೂರುವ ಮೊದಲು ಕೇಬಲ್, ವಿದ್ಯುತ್, ಕೇಸಿನೊಳಗಿನ ಸೇತುವೆ ಚಿಪ್ (ಯುಎಸ್‌ಬಿಗೂ ಡಿಸ್ಕಿಗೂ ನಡುವೆ ಮಾತು ದಾಟಿಸುವುದು) ಈ ಮೂರನ್ನು ನೋಡಿ.

ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪ್ ಕೊಡಬೇಕೆಂಬುದು ನಿಯಮ. 2.5 ಇಂಚಿನ ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಸುಮಾರು 1 ಆಂಪ್ ಎಳೆಯಬಹುದು. ಟಿಕ್ ಟಿಕ್ ಸದ್ದು ಮಾಡಿ, ನಿಂತು, ಮತ್ತೆ ಶುರುವಾಗುತ್ತಿದ್ದರೆ ವಿದ್ಯುತ್ ಸಾಲುತ್ತಿಲ್ಲ. ಡೆಸ್ಕ್‌ಟಾಪ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಚುಚ್ಚಿ, ಉದ್ದದ ಕೇಬಲ್ ಬಿಟ್ಟು ಗೇಣುದ್ದದ್ದು ಬಳಸಿ, ಸಾಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್. 3.5 ಇಂಚಿನ ಡಿಸ್ಕಿಗೆ ಹೇಗೂ 12 ವೋಲ್ಟ್ ಅಡಾಪ್ಟರ್ ಬೇಕು.

ವಿದ್ಯುತ್ ಸರಿ ಇದ್ದೂ ಡಿಎಂಇಎಸ್‌ಜಿ ಕಮಾಂಡ್ ತೋರಿಸುವ ಕರ್ನಲ್ ಸಂದೇಶಗಳಲ್ಲಿ ಯುಎಎಸ್ ಅಬಾರ್ಟ್, ರೀಸೆಟ್ ಎಂಬ ಸಾಲುಗಳು ಕಂಡರೆ ಸೇತುವೆ ಚಿಪ್‌ನ ದೋಷ. ಯುಎಎಸ್ ಎಂಬುದು ಒಟ್ಟಿಗೆ ಹಲವು ಆಜ್ಞೆ ಕಳಿಸುವ ವೇಗದ ವಿಧಾನ. ಕೆಲವು ಚಿಪ್‌ಗಳು ಬರುತ್ತದೆ ಎನ್ನುತ್ತವೆ, ಭಾರ ಬಿದ್ದಾಗ ಕೈಕೊಡುತ್ತವೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಕೇಸಿನ ವೆಂಡರ್, ಪ್ರಾಡಕ್ಟ್ ಸಂಖ್ಯೆ ನೋಡಿ, ಕರ್ನಲ್ ಸಾಲಿಗೆ ಯುಎಸ್‌ಬಿ-ಸ್ಟೋರೇಜ್ ಡಾಟ್ ಕ್ವಿರ್ಕ್ಸ್ ಎಂದು ಬರೆದು, ಸಮ ಚಿಹ್ನೆಯ ನಂತರ ಆ ಎರಡು ಸಂಖ್ಯೆ, ಕೊನೆಗೆ ಯು ಅಕ್ಷರ, ನಡುವೆ ಕೋಲನ್ ಹಾಕಿ. ವೇಗ ಸ್ವಲ್ಪ ಇಳಿಯುತ್ತದೆ, ಹೆಪ್ಪುಗಟ್ಟುವುದು ನಿಲ್ಲುತ್ತದೆ.

ಇದೇ ಜಾಡಿನ ಇನ್ನೊಂದು ತಕರಾರು: ಡ್ರೈವ್ ಚುಚ್ಚಿದೊಡನೆ ವೈಫೈ ನಿಧಾನ, ವೈರ್‌ಲೆಸ್ ಮೌಸ್ ತಡವರಿಕೆ. ಯುಎಸ್‌ಬಿ 3ರ ಕೇಬಲ್, ಪೋರ್ಟ್‌ಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊರಡಿಸುತ್ತವೆ. ಮೌಸ್ ರಿಸೀವರನ್ನು ಇನ್ನೊಂದು ಬದಿಗೆ ಹಾಕಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಕಾಪಿ ಮುಗಿಯಿತು ಎಂದು ತೋರಿಸುತ್ತದೆ, ಎಜೆಕ್ಟ್ ಮಾಡಿದರೆ ನಿಮಿಷಗಟ್ಟಲೆ ಕಾಯಿಸುತ್ತದೆ.

ಆ ಹಸಿರು ಪಟ್ಟಿ ತೋರಿಸಿದ್ದು ರ‍್ಯಾಮ್‌ಗೆ ಬರೆದು ಮುಗಿದಿದ್ದನ್ನು. ಡ್ರೈವ್‌ನ ದೀಪ ಇನ್ನೂ ಮಿನುಗುತ್ತಿರುತ್ತದೆ ನೋಡಿ, ನಿಜವಾದ ಬರಹ ಆಗ ನಡೆಯುತ್ತಿರುತ್ತದೆ. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಹೀಗೆ ಬಾಕಿ ಉಳಿದ ಭಾಗ ಜಿಬಿಗಳಷ್ಟಾಗಬಹುದು. ಸಿಂಕ್ ಎಂದು ಟೈಪ್ ಮಾಡಿ, ಪ್ರಾಂಪ್ಟ್ ವಾಪಸ್ ಬಂದ ಮೇಲೆ ತೆಗೆಯಿರಿ. ಎಕ್ಸ್‌ಟಿ4ಗೆ ಜರ್ನಲ್ (ಬದಲಾವಣೆಗಳ ದಿನಚರಿ) ಇದೆ, ಕಿತ್ತರೂ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಇಡೀ ಫೋಲ್ಡರ್ ಮಾಯವಾಗಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋದರೂ ಇದೇ ಲೆಕ್ಕ.

ಎನ್‌ಕ್ರಿಪ್ಟ್ ಮಾಡಲೇಬೇಕೇ?

ಜೇಬಿನಲ್ಲಿ ಓಡಾಡುವ ಡ್ರೈವ್ ಬಸ್ಸಿನಲ್ಲಿ ಬಿದ್ದೇ ಬೀಳುತ್ತದೆ ಎಂದು ತಿಳಿದು ಮಾಡಿ. ಲಿನಕ್ಸ್‌ನಲ್ಲಷ್ಟೇ ಬಳಸುವುದಕ್ಕೆ ಲಕ್ಸ್, ವಿಂಡೋಸ್‌ನಲ್ಲೂ ತೆರೆಯಬೇಕಿದ್ದರೆ ವೆರಾಕ್ರಿಪ್ಟ್.

ಲಕ್ಸ್2ರಲ್ಲಿ ಓಡಾಡುವ ಡ್ರೈವ್‌ಗೇ ಬರುವ ಎರಡು ತೊಡಕುಗಳಿವೆ. ಅದರ ಆರ್ಗಾನ್2 ವಿಧಾನ ಪಾಸ್‌ವರ್ಡ್ ಪರೀಕ್ಷಿಸಲು ಬೇಕೆಂದೇ ರ‍್ಯಾಮ್ ಬಳಸುತ್ತದೆ. 16 ಜಿಬಿ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿದರೆ ಪ್ರತಿ ಸಲ 1 ಜಿಬಿವರೆಗೆ ಕೇಳಬಹುದು. ಹಳೆಯ 1 ಜಿಬಿ ನೆಟ್‌ಬುಕ್‌ನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯದು. ಅಂಥ ಯಂತ್ರಗಳೂ ಇದ್ದರೆ ಫಾರ್ಮ್ಯಾಟ್ ಮಾಡುವಾಗಲೇ ಪಿಬಿಕೆಡಿಎಫ್-ಮೆಮೊರಿ ಆಯ್ಕೆಗೆ 262144 ಕೊಡಿ, ಅದು ಕಿಲೊಬೈಟ್ ಲೆಕ್ಕದಲ್ಲಿ 256 ಎಂಬಿ. ಎರಡನೆಯದು, ಸದ್ಯ ಬಳಕೆಯಲ್ಲಿರುವ ಬಹುತೇಕ ಗ್ರಬ್‌ಗಳಿಗೆ ಆರ್ಗಾನ್2 ಬರುವುದಿಲ್ಲ. ಮೇಲಿನ ಹಂಚಿಕೆಯಲ್ಲಿ ಬೂಟ್ ಪಾರ್ಟಿಶನ್ ಲಕ್ಸ್‌ನ ಹೊರಗಿಟ್ಟದ್ದು ಅದಕ್ಕೇ.

ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಹೆಡರ್‌ಬ್ಯಾಕಪ್ ಓಡಿಸಿ 16 ಎಂಬಿಯ ಆ ತಲೆಭಾಗವನ್ನು ಬೇರೆ ಕಡೆ ಇಡಿ. ಅದು ಕೆಟ್ಟರೆ ಪಾಸ್‌ವರ್ಡ್ ಬಾಯಿಪಾಠ ಬಂದರೂ ಡೇಟಾ ಸಿಗದು. ಇನ್ನೊಂದು: ನಿಮ್ಮ ಡ್ರೈವ್‌ನಿಂದ ಬೂಟ್ ಮಾಡಿದರೆ ಆ ಯಂತ್ರದ ಡಿಸ್ಕಿನಲ್ಲಿರುವ ವೈರಸ್ ಓಡುವುದಿಲ್ಲ ನಿಜ, ಆದರೆ ಕೀಬೋರ್ಡ್ ಕೇಬಲ್‌ಗೆ ಸಿಕ್ಕಿಸಿದ ಕೀಲಾಗರ್‌ಗೆ (ಒತ್ತಿದ ಕೀಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಸಾಧನ) ಇದು ಮದ್ದಲ್ಲ.

ಇದೇ ಎಸ್‌ಎಸ್‌ಡಿಯ ಉಳಿದ ಜಾಗದಲ್ಲಿ ಬ್ಯಾಕಪ್ ಇಟ್ಟುಕೊಳ್ಳಬಹುದೇ?

ಇಟ್ಟರೆ ಅದು ಬ್ಯಾಕಪ್ ಅಲ್ಲ. ಕಳೆದರೆ ಎರಡೂ ಕಳೆಯುತ್ತವೆ, ಸುಟ್ಟರೆ ಎರಡೂ ಸುಡುತ್ತವೆ. ಸಿಸ್ಟಮ್ ಹೋದರೆ ಒಂದು ಗಂಟೆಯಲ್ಲಿ ಮತ್ತೆ ಹಾಕಬಹುದು, ಮಗಳ ಮದುವೆಯ ಫೋಟೊ ಮತ್ತೆ ತೆಗೆಯಲಾಗದು. ಓಡಾಡಲು ಒಂದು ಎಸ್‌ಎಸ್‌ಡಿ, ಮನೆಯಲ್ಲಿ ಇರಲು ಬೇರೊಂದು ಹಾರ್ಡ್‌ಡಿಸ್ಕ್.

ಬ್ಯಾಕಪ್‌ಗೆ ಯಾಕೆ ಹಾರ್ಡ್‌ಡಿಸ್ಕ್ ಎಂದರೆ, ಫ್ಲ್ಯಾಶ್ ಚಿಪ್ ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಒಳಗಿನ ಚಾರ್ಜ್ ನಿಧಾನಕ್ಕೆ ಸೋರುತ್ತದೆ, ಬಿಸಿಲಿಗೆ ಕಾದ ಬೀರುವಿನಲ್ಲಿ ಇನ್ನೂ ಬೇಗ. ಪೆನ್‌ಡ್ರೈವ್ ಅಂತೂ ದೀರ್ಘಕಾಲದ ಬ್ಯಾಕಪ್‌ಗೆ ಅಲ್ಲವೇ ಅಲ್ಲ. 2.5 ಇಂಚಿನ ದೊಡ್ಡ ಹಾರ್ಡ್‌ಡಿಸ್ಕ್‌ಗಳಲ್ಲಿ ಬಹುಪಾಲು ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ) ಬಗೆಯವು. ಮೊದಲ ದೊಡ್ಡ ಬ್ಯಾಕಪ್ ನಡುವೆ ವೇಗ ಪಾತಾಳಕ್ಕಿಳಿದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ, ರಾತ್ರಿ ಬಿಟ್ಟು ಮಲಗಿ.

ಬ್ಯಾಕಪ್ ಡಿಸ್ಕ್ ಯಾವ ಫೈಲ್ ಸಿಸ್ಟಮ್‌ನಲ್ಲಿರಬೇಕು?

ಲಿನಕ್ಸ್‌ನದೇ ಬ್ಯಾಕಪ್ ಆದರೆ ಎಕ್ಸ್‌ಟಿ4. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಆ ಮಿತಿ ಇಲ್ಲ, ಆದರೆ ಫೈಲ್ ಮಾಲೀಕತ್ವ, ಅನುಮತಿ, ಲಿಂಕ್ ಯಾವುದೂ ಉಳಿಯುವುದಿಲ್ಲ.

ಕನ್ನಡದಲ್ಲಿ ಫೈಲ್‌ಗೆ ಹೆಸರಿಡುವವರಿಗೆ ಒಂದು ವಿಶೇಷ ತೊಡಕಿದೆ. ಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್, ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಲ್ಲಿ 255 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒತ್ತು, ದೀರ್ಘ ಎಲ್ಲ ಬೇರೆ ಸಂಕೇತಗಳೇ. ಕ್ಷೇ ಎಂಬ ಒಂದಕ್ಷರವೇ 12 ಬೈಟ್. ಹಾಗಾಗಿ ವಿಂಡೋಸ್‌ನಲ್ಲಿ ಇಟ್ಟ ಉದ್ದನೆಯ ಕನ್ನಡ ಹೆಸರು 85 ಸಂಕೇತ ದಾಟಿದರೆ ಎಕ್ಸ್‌ಟಿ4ಗೆ ಕಾಪಿ ಆಗದೆ, ಫೈಲ್ ನೇಮ್ ಟೂ ಲಾಂಗ್ ಎಂದು ನಿಲ್ಲುತ್ತದೆ. ಲೇಖನ, ಹಾಡು, ವಿಡಿಯೊಗಳಲ್ಲಿ ಇದು ಆಗಾಗ ಸಿಗುತ್ತದೆ. ಹೆಸರು ಕಡಿಮೆ ಮಾಡುವುದೇ ದಾರಿ.

ಫೋಲ್ಡರ್‌ಗಳನ್ನು ಕಾಪಿ ಮಾಡುವ ಆರ್‌ಸಿಂಕ್ ಕಮಾಂಡ್ ಸಾಕಲ್ಲವೇ?

ಫೋಲ್ಡರ್ ಒಂದರ ಪ್ರತಿ ಇಡಲು ಸಾಕು, ಹೈಫನ್ ಎ ಹಾಕಿದರೆ ಅನುಮತಿ, ಸಮಯ ಎಲ್ಲ ಉಳಿಯುತ್ತದೆ. ಮೂಲದ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಫೋಲ್ಡರ್ ಒಳಗಿನದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ.

ಅಪಾಯ ಇರುವುದು ಡಿಲೀಟ್ ಆಯ್ಕೆಯಲ್ಲಿ. ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲೂ ಅಳಿಸು ಎಂಬುದು ಅದರ ಅರ್ಥ. ಮೂಲವೂ ಹೊರ ಡ್ರೈವ್ ಆಗಿದ್ದು ಆ ದಿನ ಅದು ಮೌಂಟ್ ಆಗಿರದಿದ್ದರೆ? ಫೋಲ್ಡರ್ ಖಾಲಿ, ಆರ್‌ಸಿಂಕ್ ವಿಧೇಯವಾಗಿ ಬ್ಯಾಕಪ್ಪನ್ನೂ ಖಾಲಿ ಮಾಡುತ್ತದೆ. ತಿರುಗುಮುರುಗಾದರೂ ಕಷ್ಟ: ಬ್ಯಾಕಪ್ ಡಿಸ್ಕ್ ಮೌಂಟ್ ಆಗಿಲ್ಲದಿದ್ದರೆ ಅದೇ ಹೆಸರಿನ ಖಾಲಿ ಫೋಲ್ಡರ್‌ಗೆ ಬರೆಯುತ್ತಾ ಒಳಗಿನ ಡಿಸ್ಕ್ ತುಂಬಿಬಿಡುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಮೌಂಟ್‌ಪಾಯಿಂಟ್ ಕಮಾಂಡ್‌ನಿಂದ ಎರಡೂ ಕಡೆ ಪರೀಕ್ಷಿಸಿ, ಒಂದು ಇಲ್ಲದಿದ್ದರೂ ಅಲ್ಲೇ ನಿಲ್ಲಿಸಿ. ಹೊಸ ಕಮಾಂಡನ್ನು ಮೊದಲು ಹೈಫನ್ ಎನ್ ಹಾಕಿ ಓಡಿಸಿ, ಏನು ಮಾಡಲಿದೆ ಎಂದು ತೋರಿಸುತ್ತದೆ, ಮಾಡುವುದಿಲ್ಲ.

ಹಳೆಯ ಆವೃತ್ತಿಗಳು ಉಳಿಯುವುದಿಲ್ಲ ಎಂಬುದು ಆರ್‌ಸಿಂಕ್‌ನ ದೊಡ್ಡ ಕೊರತೆ. ಕೆಟ್ಟ ಫೈಲ್ ಇವತ್ತು ಕಾಪಿ ಆದರೆ ನಿನ್ನೆಯ ಒಳ್ಳೆಯದು ಹೋಯಿತು.

ಹಾಗಾದರೆ ರೆಸ್ಟಿಕ್ ಅಥವಾ ಬೋರ್ಗ್?

ಹಳೆಯ ಆವೃತ್ತಿಗಳನ್ನೂ ಉಳಿಸುವ ಬ್ಯಾಕಪ್ ಸಾಫ್ಟ್‌ವೇರ್‌ಗಳಿವು, ಎರಡೂ ಚೆನ್ನ. ಎರಡೂ ಫೈಲ್‌ಗಳನ್ನು ತುಣುಕು ಮಾಡಿ, ಒಮ್ಮೆ ಕಂಡ ತುಣುಕನ್ನು ಮತ್ತೆ ಬರೆಯದೆ, ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ. 200 ಜಿಬಿ ಫೋಟೊ ಫೋಲ್ಡರ್‌ನ ಹೆಸರು ಬದಲಿಸಿದರೆ ಆರ್‌ಸಿಂಕ್ 200 ಜಿಬಿ ಮತ್ತೆ ಕಾಪಿ ಮಾಡುತ್ತದೆ, ಇವು ಬರೀ ಪಟ್ಟಿ ಬದಲಿಸುತ್ತವೆ. ವಿಂಡೋಸ್ ಯಂತ್ರವೂ ಇದ್ದರೆ ರೆಸ್ಟಿಕ್. ಲಿನಕ್ಸ್ ಮಾತ್ರ, ಮೌಸ್‌ನಲ್ಲೇ ಮಾಡಬೇಕು ಎಂದರೆ ಬೋರ್ಗ್ ಮೇಲೆ ಕಟ್ಟಿದ ವೋರ್ಟಾ ಅಥವಾ ಪೀಕಾ.

ರೆಸ್ಟಿಕ್‌ನಲ್ಲಿ ಮೊದಲು ಇನಿಟ್, ದಿನವೂ ಬ್ಯಾಕಪ್, ವಾರಕ್ಕೊಮ್ಮೆ ಫರ್ಗೆಟ್. ದಿನದವು 7, ವಾರದವು 4, ತಿಂಗಳದವು 12 ಇರಲಿ ಎಂದು ಹೇಳಿ ಪ್ರೂನ್ ಸೇರಿಸಿ; ಪ್ರೂನ್ ಇಲ್ಲದೆ ಫರ್ಗೆಟ್ ಮಾಡಿದರೆ ಪಟ್ಟಿಯಿಂದ ಹೋಗುತ್ತದೆ, ಜಾಗ ಖಾಲಿಯಾಗುವುದಿಲ್ಲ. ಬೋರ್ಗ್ 1.2ರಿಂದಾಚೆಗೂ ಹಾಗೇ, ಪ್ರೂನ್ ಆದ ಮೇಲೆ ಕಾಂಪ್ಯಾಕ್ಟ್ ಬೇಕು. ಪಾಸ್‌ವರ್ಡ್ ಕಳೆದರೆ ಎರಡರಲ್ಲೂ ಹಿಂಬಾಗಿಲಿಲ್ಲ. ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಿ; ಅದೇ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮಾತ್ರ ಇಟ್ಟರೆ ಲ್ಯಾಪ್‌ಟಾಪ್ ಜೊತೆಗೇ ಅದೂ ಹೋಗುತ್ತದೆ.

ಟೈಮ್‌ಶಿಫ್ಟ್ ಹಾಕಿದ್ದೇನೆ, ಅದು ಬ್ಯಾಕಪ್ ತಾನೇ?

ಅಲ್ಲ. ಅದು ಸಿಸ್ಟಮ್ ಫೈಲ್‌ಗಳನ್ನಷ್ಟೇ ಹಿಡಿದಿಡುತ್ತದೆ, ಹೋಮ್ ಫೋಲ್ಡರನ್ನು ತಾನಾಗಿ ಬಿಟ್ಟುಬಿಡುತ್ತದೆ. ಅಪ್‌ಡೇಟ್ ಕೆಟ್ಟಾಗ ಹಿಂದಕ್ಕೆ ಹೋಗಲು ಇಟ್ಟುಕೊಳ್ಳಿ. ಇಡೀ ಡಿಸ್ಕಿನ ಚಿತ್ರ ಬೇಕಿದ್ದರೆ ಕ್ಲೋನ್‌ಜಿಲ್ಲಾ: ತುಂಬಿರುವ ಭಾಗವನ್ನಷ್ಟೇ ಕಾಪಿ ಮಾಡುತ್ತದೆ, ಆದರೆ ವಾಪಸ್ ಹಾಕುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಹೊಸ 240 ಜಿಬಿ ಎಸ್‌ಎಸ್‌ಡಿಗೆ 256ರ ಚಿತ್ರ ಹಾಕಲು ಹೋಗಿ ಸಿಕ್ಕಿಕೊಳ್ಳುವವರು ಬಹಳ. ಚಿತ್ರ ತೆಗೆಯುವ ಮೊದಲೇ ಜಿಪಾರ್ಟೆಡ್‌ನಲ್ಲಿ ಪಾರ್ಟಿಶನ್ ಕುಗ್ಗಿಸಬೇಕಿತ್ತು.

ಬ್ಯಾಕಪ್ ಸರಿ ಇದೆಯೆಂದು ಹೇಗೆ ತಿಳಿಯುವುದು?

ವಾಪಸ್ ತೆಗೆದು ನೋಡಿದರೆ ಮಾತ್ರ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ಖಾಲಿ ಜಾಗಕ್ಕೆ ರೀಸ್ಟೋರ್ ಮಾಡಿ, ಫೈಲ್ ತೆರೆದು ನೋಡಿ. ರೆಸ್ಟಿಕ್‌ನ ಚೆಕ್ ಬರೀ ರಚನೆ ನೋಡುತ್ತದೆ. ರೀಡ್-ಡೇಟಾ-ಸಬ್‌ಸೆಟ್‌ಗೆ 5% ಎಂದರೆ ಪ್ರತಿ ಸಲ ಅಷ್ಟು ಡೇಟಾವನ್ನು ನಿಜಕ್ಕೂ ಓದುತ್ತದೆ. ವರ್ಷಕ್ಕೊಮ್ಮೆ ನಿಮ್ಮದಲ್ಲದ ಯಂತ್ರದಲ್ಲಿ, ಲೈವ್ ಯುಎಸ್‌ಬಿಯಿಂದ, ಕಾಗದದಲ್ಲಿ ಬರೆದಿಟ್ಟ ಪಾಸ್‌ವರ್ಡ್ ಓದಿಕೊಂಡು ತೆರೆದು ನೋಡಿ. ಸೊನ್ನೆಯೋ ಓ ಅಕ್ಷರವೋ ಎಂಬ ಅನುಮಾನ ಆಗಲೇ ಬಗೆಹರಿಯುತ್ತದೆ.

ಡಿಸ್ಕಿನ ಆರೋಗ್ಯಕ್ಕೆ ಸ್ಮಾರ್ಟ್‌ಸಿಟಿಎಲ್. ಯುಎಸ್‌ಬಿ ಕೇಸಿನೊಳಗಿನ ಸಾಟಾ ಡಿಸ್ಕಿಗೆ ಹೈಫನ್ ಡಿ ಸ್ಯಾಟ್ ಸೇರಿಸಬೇಕಾಗಬಹುದು. 5 ಮತ್ತು 197ನೇ ಸಾಲುಗಳ ಕಚ್ಚಾ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಹೊತ್ತು. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಅಲ್ಲ, ಕೇಬಲ್ಲೋ ಕೇಸಿನ ಕನೆಕ್ಟರೋ.

ಎಷ್ಟು ಪ್ರತಿ ಬೇಕು?

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ ಅಥವಾ ಕನಿಷ್ಠ ಬೇರೆ ಮನೆಯಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೆಸರುವಾಸಿ ಮಾಡಿದ 3-2-1 ಸೂತ್ರ ಇದು. ಎರಡು ಹಾರ್ಡ್‌ಡಿಸ್ಕ್ ಕೊಂಡು ಒಂದನ್ನು ಅಕ್ಕನ ಮನೆಯಲ್ಲಿಟ್ಟು ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿದರೂ ಲೆಕ್ಕ ಸರಿಹೋಗುತ್ತದೆ. ಸದಾ ಚುಚ್ಚಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಕೂಡ ಎನ್‌ಕ್ರಿಪ್ಟ್ ಮಾಡುತ್ತದೆ, ಕೆಲಸ ಮುಗಿದೊಡನೆ ಕಳಚಿ.

ಲೈವ್ ಸಿಸ್ಟಮ್‌ನಲ್ಲಿ ಕನ್ನಡ ಚೌಕಚೌಕವಾಗಿ ಕಾಣುತ್ತದೆ, ಟೈಪ್ ಮಾಡಲೂ ಬರುವುದಿಲ್ಲ.

ಚಿಕ್ಕ ಐಎಸ್‌ಒಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಲೋಹಿತ್, ಗುಬ್ಬಿ, ನವಿಲು ಅಥವಾ ನೋಟೊ, ಯಾವುದಾದರೊಂದನ್ನು ಹಾಕಿ. ಕೀಲಿಮಣೆಗೆ ಐಬಸ್-ಎಂ17ಎನ್ ಹಾಕಿದರೆ ಕಗಪ, ಇನ್‌ಸ್ಕ್ರಿಪ್ಟ್ ಎರಡೂ ಬರುತ್ತವೆ. ಏನನ್ನೂ ಹಾಕಲಾಗದ ಕಡೆ ಲಿನಕ್ಸ್‌ನದೇ ಕೀಬೋರ್ಡ್ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲೇ ಕನ್ನಡ ಕಗಪ ವಿನ್ಯಾಸ ಇದೆ, ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳ ಪಟ್ಟಿಯಲ್ಲಿ ನೋಡಿ. ಆದರೆ ಲಕ್ಸ್ ಪಾಸ್‌ವರ್ಡನ್ನು ಕನ್ನಡದಲ್ಲಿ ಇಡಬೇಡಿ, ಬೂಟ್ ಹೊತ್ತಿನ ಪರದೆಗೆ ಐಬಸ್ ಇನ್ನೂ ಬಂದಿರುವುದಿಲ್ಲ.

ಹಳೆಯ ಡ್ರೈವ್ ಮಾರುವ ಮೊದಲು?

ಹಾರ್ಡ್‌ಡಿಸ್ಕ್ ಆದರೆ ಶ್ರೆಡ್ ಕಮಾಂಡ್ ಒಂದು ಸುತ್ತು ಸಾಕು. ಎಸ್‌ಎಸ್‌ಡಿಗೆ ಮೇಲೆ ಬರೆಯುವುದರಿಂದ ಎಲ್ಲ ಅಳಿಯುವುದಿಲ್ಲ, ಕಂಟ್ರೋಲರ್ ಬದಿಗಿಟ್ಟ ಬ್ಲಾಕ್‌ಗಳು ಉಳಿಯುತ್ತವೆ. ಕೇಸಿನಿಂದ ಬಿಚ್ಚಿ ನೇರ ಸಾಟಾಗೆ ಸಿಕ್ಕಿಸಿ ಸೆಕ್ಯೂರ್ ಇರೇಸ್ ಮಾಡಿ. ಮೊದಲಿಂದಲೂ ಲಕ್ಸ್ ಇದ್ದ ಡ್ರೈವ್ ಆದರೆ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಇರೇಸ್ ಕೀಗಳನ್ನೆಲ್ಲ ಕ್ಷಣದಲ್ಲಿ ಅಳಿಸುತ್ತದೆ. ಬೇರೆ ಕಡೆ ಇಟ್ಟ ಆ 16 ಎಂಬಿ ಹೆಡರ್ ಪ್ರತಿಯನ್ನೂ ಅಳಿಸಿ, ಅದಿದ್ದರೆ ಕೀ ಇದ್ದಂತೆಯೇ.